ಬೈಗುಳಕ್ಕೆ ರಾಗ ಹಾಕಿಸಿದ ಪೇಟಿ ಮಾಸ್ತರರು

ಪೇಟಿ ಮಾಸ್ತರರು ಹೋದ ಸುದ್ದಿ ನನಗೆ ತಲುಪಿದ್ದು ಅವರ ಮಣ್ಣು ಮುಗಿದ ಮೇಲೆ. ಗಜೇಂದ್ರಗಡದಿಂದ ನನ್ನ ಅಂಗಡಿಗೆ ಸೀರೆ ತಂದುಕೊಡುವ ವ್ಯಾಪಾರಿ ಗಂಟು ಬಿಚ್ಚುತ್ತ, ನಡುವೆ ನೆನಪಾದವರ ಹಾಗೆ ಹೇಳಿದ. ದೊಡ್ಡ ಮೆರವಣಿಗೆ ಆಯಿತಂತೆ. ಭಾಷಣ ಮಾಡಿದವರೆಲ್ಲ ಅವರನ್ನು ನಾದಯೋಗಿ ಎಂದು ಕರೆದರಂತೆ. "ನಿಮ್ಮ ಭಾವನವರೂ ಬಂದಿದ್ರಲ್ರಿ, ಭಾಳ ಚಲೋ ಮಾತಾಡಿದ್ರು," ಎಂದ. ಮಡಿಕೆ ಬಿಚ್ಚಿ ಅಂಚು ನೋಡುತ್ತಿದ್ದ ಸೀರೆ ನನ್ನ ಕೈಯಲ್ಲೇ ಉಳಿಯಿತು. ಅದೇ ಭಾವನವರು, ನನ್ನ ಗಂಡನ ಅಣ್ಣ, ಒಂದು ಸಂಜೆ ಮಾಸ್ತರರ ಪೇಟಿಯನ್ನು, ಅಂದರೆ ಅವರ ಹಾರ್ಮೋನಿಯಂ ಅನ್ನು, ಎತ್ತಿ ಬೀದಿಗೆ ಒಗೆದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ವ್ಯಾಪಾರಿಯ ತಪ್ಪೇನೂ ಇರಲಿಲ್ಲ, ಆದರೂ ಏನೂ ಕೊಳ್ಳದೆ ಅವನನ್ನು ಕಳಿಸಿಬಿಟ್ಟೆ.

ನಾದಯೋಗಿಯಂತೆ. ಆ ಮನುಷ್ಯನಿಗೆ ಯೋಗಿಯ ಸಮಾಧಾನ ಒಂದು ಗಳಿಗೆಯೂ ಇರಲಿಲ್ಲ. ಗಿಡ್ಡ ಆಳು, ಕಿವಿಯ ತುಂಬ ಕೂದಲು, ಕಾಲರು ಸವೆದ ಬಿಳಿ ಅಂಗಿ, ಬಗಲಲ್ಲಿ ಸದಾ ಒಂದು ಛತ್ರಿ. ನಮ್ಮ ರೋಣದಲ್ಲಿ ಮಳೆ ಎಷ್ಟು ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಆ ಛತ್ರಿ ನಾಯಿಗಳನ್ನು ಓಡಿಸಲಿಕ್ಕೆ, ಬಸ್ಸಿನಲ್ಲಿ ಜಾಗ ಹಿಡಿಯಲಿಕ್ಕೆ, ಮತ್ತು ಬೇಸುರಾಗಿ ಹಾಡುವ ಹುಡುಗಿಯರ ಬೆಂಚಿನ ಮೇಲೆ ಕುಟ್ಟಲಿಕ್ಕೆ ಕೆಲಸಕ್ಕೆ ಬರುತ್ತಿತ್ತು. ಹೆಣ್ಣುಮಕ್ಕಳ ಸಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿದ್ದರು. ಹೆಂಡತಿ, ಮನೆ ಎಲ್ಲ ಗಜೇಂದ್ರಗಡದಲ್ಲಿ. ಇವರು ಮಾತ್ರ ಸಾಲೆಯ ಹಿಂದಿನ ಒಂದು ಬಾಡಿಗೆ ಖೋಲಿಯಲ್ಲಿ ಉಳಿದು ಮನೆಪಾಠ ಹೇಳಿಕೊಂಡಿದ್ದರು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬರುತ್ತಿದ್ದರು.

ಅವರೊಂದಿಗೆ ಜಗಳವಾಡದವರು ಊರಲ್ಲಿ ಕಡಿಮೆ. ಗುಡಿಯ ಭಜನಾ ಮಂಡಳಿಯವರು ಹೊಸ ಮೈಕು ತಂದಾಗ ಎಲ್ಲರೂ ಹಾರ ಹಾಕಿ ಕೈ ಮುಗಿದರೆ, ಇವರು ಹೋಗಿ, "ದೇವರಿಗೆ ಕಿವಿ ಮಂದ ಅಂತ ನಿಮಗ ಯಾರ ಹೇಳಿದ್ರು?" ಎಂದು ಕೇಳಿ ಬಂದರು. ಆವತ್ತಿನಿಂದ ಮಂಡಳಿಯವರು ಇವರಿಗೆ ನಮಸ್ಕಾರ ಮಾಡುವುದನ್ನು ಬಿಟ್ಟರು. ಇವರಿಗೂ ಅದು ಬೇಕಿರಲಿಲ್ಲ.

ಇಂಥ ಸಿಡುಕು ಮನುಷ್ಯ ಮಧ್ಯಾಹ್ನದ ಹೊತ್ತು ಮಾಡುತ್ತಿದ್ದ ಒಂದು ಕೆಲಸ ಊರಿಗೆ ಅರ್ಥವಾಗಲೇ ಇಲ್ಲ. ಯಾವ ಮನೆಯಲ್ಲಿ ರೋಗಿಗೆ ಇನ್ನು ಔಷಧ ಇಲ್ಲ ಎಂದು ದವಾಖಾನೆಯವರು ಕೈ ಚೆಲ್ಲಿದ್ದಾರೋ ಆ ಮನೆಗೆ ಇವರು ಪೇಟಿ ಹೊತ್ತು ಹೋಗುತ್ತಿದ್ದರು. ರೋಗಿಯ ಹತ್ತಿರ ಅಲ್ಲ, ರೋಗಿಯ ಉಚ್ಚೆ ಬಳಿಯುವ, ಗಂಜಿ ಕುಡಿಸುವ, ಮಗ್ಗಲು ಬದಲಿಸುವ ಮನುಷ್ಯರ ಹತ್ತಿರ. ಅವರನ್ನು ಕೂಡಿಸಿಕೊಂಡು ಹಾಡಿಸುತ್ತಿದ್ದರು.

ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ. ನನ್ನ ಗಂಡನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಹುಬ್ಬಳ್ಳಿಯ ಡಾಕ್ಟರು ನನ್ನನ್ನೂ ಭಾವನವರನ್ನೂ ಹೊರಗೆ ಕರೆದು, "ಮನೀಗೆ ಕರಕೊಂಡ ಹೋಗ್ರಿ, ಅವರು ಏನ ಕೇಳ್ತಾರ ಅದನ್ನ ಕೊಡ್ರಿ," ಎಂದರು. ಕೇಳಿದ್ದು ಕೊಡಿ ಎಂದರೆ ಏನರ್ಥ ಎಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಭಾವನವರು ಮನೆಗೆ ಬರುವ ದಾರಿಯಲ್ಲೇ ಕಾಯ್ದೆ ಮಾಡಿದರು: ತಮ್ಮನಿಗೆ ಯಾರೂ ಹೇಳಕೂಡದು. ಹೊಟ್ಟೆಯ ಹುಣ್ಣು, ಎರಡು ತಿಂಗಳಿಗೆ ಆರಾಮ ಆಗುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ನಾನು ಹಗಲೆಲ್ಲ ಗಂಡನಿಗೆ ಸುಳ್ಳು ಹೇಳುವುದು, ಬಂದವರಿಗೆ ಚಹಾ ಕಾಸುವುದು, ಹಿತ್ತಲಲ್ಲಿ ಬಟ್ಟೆ ಒಗೆಯುವುದು. ನೋಡಲಿಕ್ಕೆ ಬಂದವರು ರೋಗಿಯ ಮುಂದೆ ನಗುವರು, ಪಡಸಾಲೆಗೆ ಬಂದು ಕಣ್ಣೊರೆಸಿಕೊಳ್ಳುವರು, ಚಹಾ ಕುಡಿಯುವರು. ಹೋಗುವಾಗ ನನಗೆ "ಧೈರ್ಯ ತಗೋ" ಎನ್ನುವರು. ಕಪ್ಪು ಬಸಿ ತೊಳೆಯುವ ಕೆಲಸವನ್ನು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ.

ಭಾವನವರ ಮಗಳು ಮಾಸ್ತರರ ಹತ್ತಿರ ಹಾಡು ಕಲಿಯುತ್ತಿದ್ದಳು. ಅವಳಿಂದ ಸುದ್ದಿ ತಿಳಿದು ಒಂದು ಮಧ್ಯಾಹ್ನ ಬಂದರು. ಅತ್ತೆಯವರು ರೋಗಿಯ ಕೋಣೆಯ ಕಡೆ ಕೈ ತೋರಿಸಿದರೆ ಇವರು ಆ ಕಡೆ ನೋಡಲೇ ಇಲ್ಲ. ಅಡಿಗೆಮನೆಯ ಬಾಗಿಲಿಗೆ ಬಂದು ಹೊಸ್ತಿಲ ಹೊರಗೆ ಕೂತರು.

"ನಿನ್ನ ಗಂಡನ್ನ ನೋಡಾಕ ಊರ ಮಂದಿ ಅದಾರ ತಂಗಿ. ನಾ ನಿನ್ನ ನೋಡಾಕ ಬಂದೀನಿ. ನಿನ್ನೆ ಏನ ಉಂಡಿ?"

ನನಗೆ ನೆನಪಾಗಲಿಲ್ಲ. ಉಂಡಿದ್ದೇನೋ ಇಲ್ಲವೋ ಎಂಬುದೂ ನೆನಪಾಗಲಿಲ್ಲ. ಸೌಟು ಹಿಡಿದು ಒಲೆಯ ಮೇಲಿನ ಗಂಜಿ ತಿರುವಿದೆ.

"ಹಾಡ್ತಿಯೇನು?" ಎಂದರು.

"ನನಗ ಹಾಡಾಕ ಬರೂದಿಲ್ರಿ ಮಾಸ್ತರ."

"ಬೈಯಾಕ ಬರತೈತೇನು?"

ಹಿಂದೆ ಅತ್ತೆಯವರು ಕೂತಿದ್ದರು. ನಾನು ತಲೆ ತಗ್ಗಿಸಿ ಒಲೆಯ ಉರಿ ಸಣ್ಣ ಮಾಡಿದೆ. ಮಾಸ್ತರರು ಅತ್ತೆಯವರ ಕಡೆಗೆ ತಿರುಗಿ, ರೋಗಿಯ ಕೋಣೆಗೆ ಕೇಳದಷ್ಟು ದನಿ ತಗ್ಗಿಸಿ, "ಯವ್ವಾ, ನಿಮಗ ಮಗ ಹೊಂಟಾನ. ಈಕಿಗೆ ಗಂಡ ಹೊಂಟಾನ. ನೀವು ಜಗಲಿ ಮ್ಯಾಲ ಕುಂತು ಅಳಬಹುದು. ಈಕಿ ಅತ್ತರ ಗಂಜಿ ಸೀದ ಹೋಗತೈತಿ. ಒಂದ ತಾಸು ಈಕಿನ್ನ ನನ್ನ ಕೈಯಾಗ ಕೊಡ್ರಿ," ಎಂದರು. ಆ ಮನೆಯಲ್ಲಿ "ಹೊಂಟಾನ" ಎಂಬ ಶಬ್ದ ಅಲ್ಲಿಯತನಕ ಯಾರ ಬಾಯಿಂದಲೂ ಬಂದಿರಲಿಲ್ಲ. ಅತ್ತೆಯವರು ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದರು. ಕೊಟ್ಟೆ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ.

ದೇವರ ಹಾಡು ಹಾಡಿಸುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಅವರು ಖಡಾಖಂಡಿತ ಬೇಡ ಎಂದರು. "ದೇವರ ಮುಂದ ನೀವೆಲ್ಲಾ ಸುಳ್ಳ ಹಾಡ್ತೀರಿ. ಅಂವಗ ಸಿಟ್ಟ ಬರತೈತಿ ಅಂತ ಹೆದರಕೊಂಡು ಒಳ್ಳೆ ಒಳ್ಳೆ ಮಾತ ಪೋಣಿಸ್ತೀರಿ. ಬೆಳಿಗ್ಗಿಂದ ಯಾರ ಮ್ಯಾಲ ಸಿಟ್ಟ ಬಂದೈತಿ, ಅವರನ್ನ ಹಾಡು." ಪೇಟಿಯ ಮೇಲೆ ಭಜನೆಯ ಒಂದು ಸಾದಾ ಮಟ್ಟು ಹಿಡಿದು ನುಡಿಸುತ್ತ ಕೂತರು. ಮೊದಲ ದಿನ ನನ್ನ ಬಾಯಿಂದ ಬರೀ ಗಾಳಿ ಬಂತು. ಎರಡನೆಯ ದಿನವೂ ಅಷ್ಟೇ. ಆಮೇಲೆ ಒಂದು ದಿನ ಯಾರೋ ದೂರದ ಸಂಬಂಧಿಕರು ಬುತ್ತಿ ಕಟ್ಟಿಕೊಂಡು ಬಂದು, ಮಧ್ಯಾಹ್ನ ಉಂಡು, ಮಲಗಿ, ಎದ್ದು, ಚಹಾ ಕುಡಿದು, "ಮುಖ ನೋಡಾಕ ಆಗವಲ್ದವಾ" ಎಂದು ಹೇಳಿ ಹೋಗಿದ್ದರು. ಅವರ ಮುಖ ನೋಡಲಾಗದೆ ನಾನು ಹಿತ್ತಲಲ್ಲಿ ನಿಂತಿದ್ದೆ. ಆವತ್ತು ಪೇಟಿ ಶುರುವಾದದ್ದೇ ತಡ, ನನಗೆ ಗೊತ್ತಿಲ್ಲದೆ ಬಾಯಿ ತೆರೆಯಿತು:

ಬಂದಾರ ಬಳಗದವರು, ಕುಂತಾರ ಪಡಸಾಲ್ಯಾಗ,
ಚಾ ಕುಡುದು ಬಸಿ ಇಟ್ಟು ಹ್ವಾದಾರ – ನನ್ನ ಕೈ
ಬಸಿ ತೊಳದು ತೊಳದು ಸವದಾವ.

ನನ್ನ ಅವ್ವ ನರಗುಂದದಲ್ಲಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳ ಅಳತೆ ಅದು. ಎಲ್ಲಿ ಕೂತಿತ್ತೋ ಗೊತ್ತಿಲ್ಲ, ಎದ್ದು ಬಂತು. ಮಾಸ್ತರರು ಶಹಬ್ಬಾಸ್ ಎನ್ನಲಿಲ್ಲ. "ಹ್ವಾದಾರ ಅನ್ನೂವಾಗ ಸುರ ಇಳದೈತಿ, ಇನ್ನೊಮ್ಮೆ," ಎಂದರು. ಇನ್ನೊಮ್ಮೆ ಹಾಡಿದೆ. ಹಾಡುತ್ತ ಹಾಡುತ್ತ ಅಳು ಬಂತು. ಅವರು ನಿಲ್ಲಿಸಲಿಲ್ಲ, ಸಮಾಧಾನ ಮಾಡಲಿಲ್ಲ, ನನ್ನ ಅಳು ನಿಲ್ಲುವ ತನಕ ಪೇಟಿಯ ತಿದಿ ಎಳೆಯುತ್ತ ಒಂದೇ ಸುರ ಹಿಡಿದು ಕೂತರು. ಅಳು ಮುಗಿದ ಮೇಲೆ ಮತ್ತೆ ಮೊದಲಿಂದ. ಆ ಸಂಜೆ ನಾನು ಎರಡು ರೊಟ್ಟಿ ಉಂಡೆ. ಉಂಡದ್ದು ನೆನಪಿದೆ.

ಯಾಕೆ ಹೀಗೆ ಮನೆ ಮನೆ ತಿರುಗುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಮೊದಲು, "ನಿನಗ್ಯಾಕ ಬೇಕ ಆ ಉಸಾಬರಿ?" ಎಂದು ಗದರಿದರು. ಪೇಟಿ ಕಟ್ಟುವಾಗ ತಾವಾಗಿಯೇ ಹೇಳಿದರು. ಅವರ ತಾಯಿ ವರ್ಷಗಟ್ಟಲೆ ಹಾಸಿಗೆಯಲ್ಲಿದ್ದಾಗ ನೋಡಿಕೊಂಡವಳು ತಂಗಿ. ತಾಯಿ ಹೋದ ಮೇಲೆ ತಂಗಿ ಮಾತು ನಿಲ್ಲಿಸಿದಳು. ನೇಕಾರರ ಮನೆ, ಮಗ್ಗದ ಮುಂದೆ ಕೂತರೆ ದಿನವೆಲ್ಲ ಹಾಡುತ್ತಿದ್ದ ಹುಡುಗಿ. "ಅವ್ವಗ ಗುಳಗಿ ತಂದೆ, ಹಣ್ಣ ತಂದೆ. ತಂಗಿಗೆ ಏನೂ ತರಲಿಲ್ಲ. ಆಕಿ ಒಂದ ವರ್ಷದಾಗ ಹ್ವಾದಳು. ಡಾಕ್ಟರು ಏನೂ ಜಡ್ಡ ಇಲ್ಲ ಅಂದ್ರು." ಅಷ್ಟು ಹೇಳಿ ಛತ್ರಿ ಬಗಲಿಗೆ ಹಾಕಿಕೊಂಡು ಹೊರಟರು.

ಈ ಕೆಲಸಕ್ಕೆ ಒಂದು ಹೆಸರಿದೆ ಎಂದು ಅವರಿಗೆ ಹುಬ್ಬಳ್ಳಿಯ ಒಬ್ಬ ಎಳೆಯ ಡಾಕ್ಟರು ಹೇಳಿದ್ದರಂತೆ. ಸಂಗೀತ ಚಿಕಿತ್ಸೆ. ಯಾವುದೋ ಸಭೆಗೂ ಕರೆಸಿದ್ದರು. ಅಲ್ಲಿಂದ ಮಾಸ್ತರರು ಮುಖ ಕೆಂಪಗೆ ಮಾಡಿಕೊಂಡು ಬಂದರು. "ಕ್ಯಾಸೆಟ್ಟಿನ್ಯಾಗ ಕೊಳಲ ಹಚ್ಚಿ ಎಲ್ಲಾರೂ ಕಣ್ಣ ಮುಚ್ಚರಿ ಅಂತಾರ. ರೋಗಿ ನೋಡಕೊಳ್ಳಾವ್ರು ಕಣ್ಣ ಮುಚ್ಚಿದ್ರ ಸಲಾಯಿನ್ ಬಾಟಲಿ ಯಾರ ನೋಡಬೇಕು?" ಊಟ ಚಲೋ ಇತ್ತು ಎಂದು ಮಾತ್ರ ಒಪ್ಪಿಕೊಂಡರು.

ಇನ್ನು ಆ ಸಂಜೆಯ ಮಾತು. ನಮ್ಮ ಕಡೆಯ ರಿವಾಜು ಗೊತ್ತಿಲ್ಲದವರಿಗೆ ಇದು ತಮಾಷೆ ಎನ್ನಿಸಬಹುದು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿ ಅದರ ಮುಂದೆ ಭಜನೆ ಹಚ್ಚುತ್ತಾರೆ. ಪೇಟಿ, ತಬಲಾ, ತಾಳ, ಮಣ್ಣಿಗೆ ಒಯ್ಯುವ ತನಕ ನಿಲ್ಲುವುದಿಲ್ಲ. ಹೀಗಾಗಿ ಬೇನೆ ಬಿದ್ದವರಿರುವ ಮನೆಯಿಂದ ಭಜನೆ ಕೇಳಿಸಿತೆಂದರೆ ಮತ್ತೊಂದು ಅರ್ಥವೇ ಇಲ್ಲ. ಇನ್ನೊಂದು ಸಂಗತಿ, ಸತ್ತುಹೋದರೇ ಎಂದು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಅದು ಕೆಟ್ಟ ಮಾತು, ಅಪಶಕುನ. "ಭಜನಿ ಹಚ್ಯಾರ" ಎಂದರೆ ಮುಗಿಯಿತು. ಕೇಳಿದವನು ಹೆಚ್ಚಿಗೆ ವಿಚಾರಿಸದೆ ಕಾಲಿಗೆ ಚಪ್ಪಲಿ ಮೆಟ್ಟುತ್ತಾನೆ.

ಆವತ್ತು ಸಂತೆಯ ದಿನ. ನನ್ನ ಗಂಡನಿಗೆ ಎಂದಿಗಿಂತ ಗೆಲುವಾಗಿತ್ತು. ಅರ್ಧ ಬಟ್ಟಲು ಗಂಜಿ ಕುಡಿದಿದ್ದ. ನಾನೂ ಮಾಸ್ತರರೂ ಅಡಿಗೆಮನೆ ಬಿಟ್ಟು ಪಡಸಾಲೆಯಲ್ಲಿ ಕೂತು ಹಾಡುತ್ತಿದ್ದೆವು. ಭಾವನವರು ಬೆಳಿಗ್ಗೆ ಎಂದಿನಂತೆ ಬಾಗಿಲಲ್ಲಿ ಮುಖ ತೋರಿಸಿ ಹೋಗಿದ್ದರು, ಹಾಗಾಗಿ ಆವತ್ತಿನ ಬೈಗುಳ ಅವರ ಪಾಲಿಗೆ ಬಂದಿತ್ತು.

ದೊಡ್ಡಾಂವ ದಿನಾ ಬಂದು ಬಾಗಿಲದಾಗ ನಿಂತಾನ,
ಆರಾಮ ಅದಿಯೇನ ಅಂತಾನ – ಉತ್ತರ
ಕೇಳೂದರೊಳಗ ಹ್ವಾದಾನ.

ಒಳಗಿನಿಂದ ನನ್ನ ಗಂಡನ ಸಣ್ಣ ದನಿ ಬಂತು: "ಅಣ್ಣಂದು ಇನ್ನೊಮ್ಮೆ ಹೇಳ." ನಾನು ನಾಚಿ ಬಾಯಿ ಮುಚ್ಚಿಕೊಂಡೆ. ಮಾಸ್ತರರು ನಕ್ಕದ್ದನ್ನು ಕಂಡದ್ದು ಅದೇ ಮೊದಲು. ತಬಲಾದವನಿಲ್ಲದ ಕೊರತೆಗೆ ಪೇಟಿಯ ಮೇಲೆ ಬೆರಳಿಂದ ತಾಳ ಕುಟ್ಟುತ್ತ ಗಟ್ಟಿಯಾಗಿ ನುಡಿಸಿದರು, ನಾನೂ ಗಟ್ಟಿಯಾಗಿ ಹಾಡಿದೆ. ಅಷ್ಟು ದಿನಗಳಲ್ಲಿ ನಮ್ಮ ಮನೆಯಲ್ಲಿ ಮೂರು ಜನ ಒಟ್ಟಿಗೆ ನಕ್ಕದ್ದು ಆ ಗಳಿಗೆ ಒಂದೇ.

ಅದೇ ಹೊತ್ತಿಗೆ ನನ್ನ ಗಂಡನ ದೊಡ್ಡಪ್ಪ, ಸವಡಿ ಊರಿನವರು, ಸಂತೆ ಮುಗಿಸಿ ನಮ್ಮ ಮನೆಯ ಕಡೆ ಬರುತ್ತಿದ್ದರು. ಓಣಿಯ ತಿರುವಿನಲ್ಲಿ ಪೇಟಿ ಕೇಳಿಸಿತು. ಹೆಣ್ಣು ದನಿ, ಭಜನೆಯ ಮಟ್ಟು. ಇನ್ನು ನಾಲ್ಕು ಹೆಜ್ಜೆ ನಡೆದು ಒಳಗೆ ಇಣುಕಿದ್ದರೆ ಮುಗಿಯುತ್ತಿತ್ತು. ಆದರೆ ಅವರು ಮನೆತನದ ಹಿರಿಯರು, ಹಾರವಿಲ್ಲದೆ ಬರಿಗೈಯಲ್ಲಿ ಹೆಣದ ಮುಂದೆ ಬರುವ ಹಾಗಿಲ್ಲ. ಬಳಗವನ್ನು ಕೂಡಿಸುವ ಜವಾಬ್ದಾರಿ ಬೇರೆ. ಅಲ್ಲಿಂದಲೇ ತಿರುಗಿ ಎಸ್‌ಟಿಡಿ ಬೂತಿಗೆ ಹೋಗಿ ಬೆಳವಣಕಿಗೆ ಫೋನು ಮಾಡಿ ನನ್ನ ನಾದಿನಿಗೆ, ನನ್ನ ಗಂಡನ ಅಕ್ಕನಿಗೆ, ಹೇಳಿದರು, ಶಿರೋಳಕ್ಕೆ ಹೇಳಿದರು, ತಮ್ಮೂರು ಸವಡಿಗೂ ಹೇಳಿದರು. "ಭಜನಿ ಹಚ್ಯಾರ, ಲಗೂ ಬರ್ರಿ." ಯಾರೂ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ತಾಸೊಂದು ಕಳೆದಿತ್ತು, ಹಾಡು ಮುಗಿಸಿ ಮಾಸ್ತರರು ಚಹಾ ಕುಡಿಯುತ್ತಿದ್ದರು. ನಾನು ಗಂಡನನ್ನು ದಿಂಬಿಗೆ ಆನಿಸಿ ಕೂಡಿಸಿ ಮುಖ ಒರೆಸುತ್ತಿದ್ದೆ. ಓಣಿಯ ತುದಿಯಿಂದ ಹೆಂಗಸರ ಅಳು ಶುರುವಾಯಿತು. ಎರಡು ಟೆಂಪೋ ತುಂಬ ಜನ. ನಾದಿನಿ ಎದೆ ಬಡಿದುಕೊಳ್ಳುತ್ತ, ತಮ್ಮನ ಗುಣವನ್ನೆಲ್ಲ ಒಂದೊಂದಾಗಿ ಹೇಳಿ ಅಳುತ್ತ ಬರುತ್ತಿದ್ದಳು. ನನ್ನ ತಮ್ಮ ಹುಲಿಯಂಥಾಂವ, ಬಂದವರನ್ನ ಬರಿಗೈಲಿ ಕಳಸದಾಂವ, ನನಗ ತವರು ಅನ್ನೂದು ಇನ್ನೆಲ್ಲಿ. ಕೈಯಲ್ಲಿ ಹಾರ ಹಿಡಿದ ಗಂಡಸರು ಹಿಂದೆ. ನನ್ನ ಗಂಡ ಕಿವಿಗೊಟ್ಟು ಕೇಳಿದ. ಮೊದಲು ಯಾರ ಮನೆಯದೋ ಎಂದುಕೊಂಡಿರಬೇಕು. ಆಮೇಲೆ ತನ್ನ ಹೆಸರು ಕೇಳಿಸಿತು.

ಬಾಗಿಲಿಗೆ ಬಂದವಳು ನಾದಿನಿ. ತಮ್ಮ ಕಣ್ಣು ಬಿಟ್ಟುಕೊಂಡು ಕೂತದ್ದನ್ನು ನೋಡಿ ಅವಳ ಅಳು ನಿಂತಿತು. ಹಿಂದಿನವರಿಗೆ ಕಾಣುತ್ತಿರಲಿಲ್ಲ, ಅವರು ಅಳುತ್ತಲೇ ಇದ್ದರು. ನನ್ನ ಗಂಡ ಮೆಲ್ಲಗೆ ಹೇಳಿದ:

"ಅಕ್ಕಾ, ನಾ ಇಷ್ಟ ಚಲೋ ಇದ್ದೆ ಅಂತ ನನಗ ಇವತ್ತ ಗೊತ್ತಾತ ನೋಡ."

ಹಾರ ಹಿಡಿದವರು ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟರು. ಅಷ್ಟರಲ್ಲಿ ಭಾವನವರೂ ಅಂಗಡಿಯಿಂದ ಓಡಿ ಬಂದಿದ್ದರು. ನನ್ನ ಗಂಡ ಒಬ್ಬೊಬ್ಬರ ಮುಖ ನೋಡಿ, "ಡಾಕ್ಟರು ಏನ ಹೇಳ್ಯಾರ? ಯಾರರ ಒಬ್ಬರು ಖರೇ ಹೇಳ್ರಿ," ಎಂದ. ಅಣ್ಣನನ್ನು ಕೇಳಿದ, ಅಕ್ಕನನ್ನು ಕೇಳಿದ, ದೊಡ್ಡಪ್ಪನನ್ನು ಕೇಳಿದ. ನನ್ನನ್ನು ಕೇಳಲಿಲ್ಲ. ನನ್ನ ಮೇಲಿನ ದಯೆಯಿಂದ ಕೇಳಲಿಲ್ಲ ಎಂದು ಈಗ ಅನ್ನಿಸುತ್ತದೆ.

"ಔಷಧ ಮುಗದಾವ ಅಂದಾರಪ್ಪಾ," ಎಂದರು ಮಾಸ್ತರರು. ಕೈಯಲ್ಲಿ ಇನ್ನೂ ಚಹಾದ ಬಸಿ ಇತ್ತು. "ಒಂದ ತಿಂಗಳೋ, ಎರಡೋ. ಈ ಮನ್ಯಾಗ ಎಲ್ಲಾರಿಗೂ ಗೊತ್ತೈತಿ, ನಿನಗೊಬ್ಬಂವಗ ಬಿಟ್ಟು."

ಭಾವನವರು ಅವರ ಕಡೆ ಬರಲಿಲ್ಲ. ನೇರ ಪೇಟಿಯ ಕಡೆ ಹೋದರು. ಎತ್ತಿ ಹೊರಗೆ ಒಗೆದರು. ಕಟ್ಟೆಗೆ ಬಡಿದು ಬೀದಿಗೆ ಬಿದ್ದ ಪೇಟಿಯಿಂದ ಒಂದು ಸುರ ಎದ್ದು ನಿಂತೇ ಬಿಟ್ಟಿತು, ತಿದಿಯ ಗಾಳಿ ಮುಗಿಯುವ ತನಕ. "ಜೀವಂತ ಇದ್ದಾಂವನ ಮುಂದ ಭಜನಿ ಹಚ್ಚಿ ಕೊಲ್ಲಾಕ ಬಂದ ಮನಷ್ಯಾ," ಎಂದರು. ಎರಡು ಟೆಂಪೋ ಜನ ಅದನ್ನು ಕೇಳಿದರು. ವಿಚಾರಿಸದೆ ಫೋನು ಮಾಡಿದ ದೊಡ್ಡಪ್ಪನಿಗೆ ಯಾರೂ ಏನೂ ಅನ್ನಲಿಲ್ಲ. ಅವರಿಗೆ ಚಹಾ ಆಯಿತು. ನಾನೇ ಕಾಸಿದೆ.

ಮಾಸ್ತರರು ಬೀದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಪೇಟಿಯ ಮುರಿದ ಕರಿ-ಬಿಳಿ ಮನೆಗಳನ್ನೆಲ್ಲ ಟವೆಲ್ಲಿನಲ್ಲಿ ಆರಿಸಿಕೊಂಡರು. ಸಿಟ್ಟಿನ ಮನುಷ್ಯ, ಜಗಳವಾಡುತ್ತಾರೆ ಎಂದು ಎಲ್ಲರೂ ಕಾದರು. ಅವರು ಟವೆಲ್ಲನ್ನು ಗಂಟು ಕಟ್ಟಿ ಪೇಟಿ ಹೊತ್ತು ನಡೆದರು.

ಆಮೇಲೆ ಊರು ತನ್ನ ಕೆಲಸ ಮಾಡಿತು. ಪೇಟಿ ಮಾಸ್ತರ ಕಾಲಿಟ್ಟ ಮನೆಯಲ್ಲಿ ಹೆಣ ಬೀಳುತ್ತದೆ ಎಂದು ಮಾತು ಹುಟ್ಟಿತು. ಹೆಣ ಬೀಳುವ ಮನೆಗೇ ಅವರು ಹೋಗುತ್ತಿದ್ದರು ಎಂದು ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಬೇಕಾಗಲಿಲ್ಲ. ಮನೆಪಾಠದ ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟರು. ಅವರು ಹಾಡಿಸುತ್ತಿದ್ದ ಬೇರೆ ಮನೆಗಳ ಬಾಗಿಲೂ ಮುಚ್ಚಿದವು. ದರ್ಜಿ ಓಣಿಯಲ್ಲಿ ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಮುಸಲ್ಮಾನ ಹೆಣ್ಣುಮಗಳು ಮಾತ್ರ, "ನೀವು ಬರ್ರಿ ಮಾಸ್ತರ, ನಮ್ಮ ಮಂದಿ ಭಜನಿ ಹಚ್ಚೂದಿಲ್ಲ, ಯಾರಿಗೂ ತಪ್ಪು ತಿಳಿಯೂದಿಲ್ಲ," ಎಂದು ಹೇಳಿಕಳಿಸಿದಳಂತೆ. ಇಡೀ ಊರಲ್ಲಿ ಬುದ್ಧಿಯ ಮಾತು ಆಡಿದವಳು ಅವಳೊಬ್ಬಳೇ. ಅಲ್ಲಿಗೆ ಹೋದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ವರ್ಷ ಮುಗಿಯುವುದರೊಳಗೆ ಖೋಲಿ ಖಾಲಿ ಮಾಡಿ ಗಜೇಂದ್ರಗಡಕ್ಕೆ ಹೋದರು.

ನನ್ನ ಗಂಡ ಆ ಸಂಜೆಯ ಮೇಲೆ ಐದಾರು ವಾರ ಇದ್ದ. ಸುಳ್ಳು ಹೇಳುವ ಕೆಲಸ ನನಗೆ ತಪ್ಪಿತು. ಅಂಗಡಿಯನ್ನು ಹೇಗೆ ನಡೆಸಬೇಕು, ಯಾರನ್ನು ನಂಬಬಾರದು ಎಂದು ಹೇಳಿದ. ತನಗೆ ಭಯವಾಗುತ್ತದೆ ಎಂದೂ ಹೇಳಿದ. ಅದನ್ನು ಕೇಳಿಸಿಕೊಳ್ಳಲಿಕ್ಕೆ ಬೇಕಾದ ಎದೆಗಾರಿಕೆ ಬಂದದ್ದು ಆ ಬೈಗುಳದ ಪದಗಳಿಂದಲೇ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅವನು ಹೋದ ದಿನ ಮಂಡಳಿಯವರು ಮೈಕು ಸಮೇತ ಬಂದು ಭಜನೆ ಹಚ್ಚಿದರು. ನನ್ನನ್ನು ಹೆಣದ ಪಕ್ಕ ಕೂಡಿಸಿದರು. ನನಗೆ ಅಳು ಬರಲಿಲ್ಲ. "ಬದುಕಿದ್ದಾಗ ಹಾಡಿದಳು, ಸತ್ತಮ್ಯಾಲ ಅಳವಲ್ಲಳು," ಎಂದು ಹಿಂದೆ ಕೂತ ಹೆಂಗಸರು ಆಡಿಕೊಂಡರು. ಮೈಕಿನ ಸದ್ದಿನಲ್ಲೂ ಅದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಐದಾರು ವರ್ಷ ಕಳೆದ ಮೇಲೆ ಮಾಸ್ತರರ ಹೆಂಡತಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿಯಿತು. ಅಂಗಡಿಯನ್ನು ಕೆಲಸದವಳಿಗೆ ಒಪ್ಪಿಸಿ ಗಜೇಂದ್ರಗಡದ ಬಸ್ಸು ಹತ್ತಿದೆ. ನೇಕಾರರ ಓಣಿ, ಒತ್ತೊತ್ತಾಗಿ ಮನೆಗಳು, ಎಲ್ಲ ಕಡೆ ಮಗ್ಗದ ಸದ್ದು. ಬಾಗಿಲು ತೆರೆದ ಮನುಷ್ಯನನ್ನು ನೋಡಿ ಗುರುತು ಹತ್ತಲಿಲ್ಲ. ಗಡ್ಡ ಬಿಟ್ಟಿದ್ದರು. ಅಂಗಿಯ ಮೇಲೆ ಗಂಜಿಯ ಕಲೆ ಇತ್ತು. ಒಳಗೆ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ದನಿ ಕೇಳಿ, ತೊದಲುವ ಬಾಯಿಂದ, "ರೋಣದಾಕಿ ಏನವಾ ನೀನು? ಇವರು ಎಲ್ಲಾರ ಮನ್ಯಾಗ ಹಾಡ್ಯಾರ. ನಮ್ಮ ಮನ್ಯಾಗ ಒಂದ ದಿನ ಇಲ್ಲ," ಎಂದು ಮುಖ ತಿರುಗಿಸದೆಯೇ ನಿಧಾನಕ್ಕೆ ಹೇಳಿದರು.

ರಿಪೇರಿಯಾದ ಪೇಟಿ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅದರ ಮೇಲೆ ಗುಳಿಗೆಗಳು, ಎಣ್ಣೆಯ ಬಾಟಲಿ.

"ಮಾಸ್ತರ, ನಿನ್ನೆ ಏನ ಉಂಡ್ರಿ?" ಎಂದೆ. ಅವರು ಅಂಗಿಯ ಮೇಲಿನ ಕಲೆ ಉಜ್ಜಿದರು. ನಾನು ಪೇಟಿಯ ಮೇಲಿನ ಸಾಮಾನು ಕೆಳಗಿಳಿಸಿದೆ, ಬಟ್ಟೆ ತೆಗೆದೆ. ಅವರು ಬಂದು ನನ್ನ ಕೈ ಹಿಡಿದರು.

"ಬ್ಯಾಡವಾ. ಹೊರಗ ಕೇಳತೈತಿ. ಪೇಟಿ ದನಿ ಕೇಳಿದ್ರ ಓಣಿ ಮಂದಿ ಬರ್ತಾರ. ಆಕಿ ಇನ್ನ ಅದಾಳ."

ದೇವರ ಗುಡಿಯ ಮೈಕಿಗೆ ಬೈದು ಬಂದ ಮನುಷ್ಯ. ನನ್ನ ಅತ್ತೆಯ ಎದುರು "ಹೊಂಟಾನ" ಎಂದ ಮನುಷ್ಯ. ನನಗೆ ಸಿಟ್ಟು ಬಂತು. ಅವರ ಮೇಲೆಯೇ ಬಂತೋ ಯಾರ ಮೇಲೆ ಬಂತೋ, ಅಂತೂ ಬಂತು. "ಹಂಗಾರ ಪೇಟಿ ಬ್ಯಾಡ. ಬಾಯಿಲೆ ಹಾಡ್ರಿ. ನಿಮಗ ಯಾರ ಮ್ಯಾಲ ಸಿಟ್ಟ ಬಂದೈತಿ, ಅವರನ್ನ ಹಾಡ್ರಿ," ಎಂದೆ. ಅವರು ಹೆಂಡತಿಯ ಬೆನ್ನು ನೋಡಿದರು. ಆಮೇಲೆ ಕಿಟಕಿ ಮುಚ್ಚಿದರು. ಬಾಗಿಲಿಗೆ ಚಿಲಕ ಹಾಕಿದರು. ಹಾಸಿಗೆಯ ಕಾಲ ಹತ್ತಿರ ನೆಲಕ್ಕೆ ಕೂತು, ನಾನು ಮುಂದೆ ಬಾಗಿ ಕೇಳಬೇಕಾಗುವಷ್ಟು ಸಣ್ಣ ದನಿಯಲ್ಲಿ ಶುರು ಮಾಡಿದರು:

ಊರೆಲ್ಲಾ ತಿರಗಿ ನಾ ಹೊತ್ತಾಗಿ ಬಂದೀನಿ,
ಹೊತ್ತ ನೋಡದ ನೀನು ಹೊಂಟೀದಿ –

ಎರಡನೆಯ ಸಾಲಿಗೆ ಆ ದನಿ ತನ್ನಷ್ಟಕ್ಕೆ ತಾನು ದೊಡ್ಡದಾಯಿತು. ಇನ್ನೊಂದು ಸಾಲು ಬರಬೇಕಿತ್ತು. ಗೋಡೆಯ ಕಡೆ ಮಲಗಿದ್ದವರು ಮೆಲ್ಲಗೆ ಮುಖ ತಿರುಗಿಸಿ ಕಣ್ಣು ಬಿಟ್ಟದ್ದನ್ನು ನಾನು ನೋಡಿದೆ. ಆಗ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಹೆಂಗಸಿನ ದನಿ, ಆಗಲೇ ಅಳುವ ತಯಾರಿಯಲ್ಲಿತ್ತು.

"ಮಾಸ್ತರ, ಏನಾತ್ರಿ?"

ಮಾಸ್ತರರು ಬಾಯಿ ಮುಚ್ಚಿದರು. ಗಂಟಲು ಸರಿಮಾಡಿಕೊಂಡರು. ಸಾಲೆಯಲ್ಲಿ ಹಾಜರಿ ಕೂಗುತ್ತಿದ್ದ ಆ ಹಳೆಯ ಗಟ್ಟಿ ದನಿಯಲ್ಲಿ ಹೇಳಿದರು:

"ಏನಿಲ್ಲವಾ. ರೇಡಿಯೋ ಹಚ್ಚಿದ್ದೆ. ಬಂದ ಮಾಡೀನಿ."

ಹೆಂಗಸು ಹೋದಳು. ಹಾಸಿಗೆಯಲ್ಲಿದ್ದವರು ಇನ್ನೂ ಕಣ್ಣು ಬಿಟ್ಟುಕೊಂಡು ಗಂಡನ ಬಾಯಿಯನ್ನೇ ನೋಡುತ್ತಿದ್ದರು, ಆ ಮೂರನೆಯ ಸಾಲಿಗಾಗಿ. ಮಾಸ್ತರರು ಎದ್ದು ಹೋಗಿ ಪೇಟಿಯ ಮೇಲೆ ಬಟ್ಟೆ ಹೊದಿಸಿದರು.